ಲಗಾಶಿನ ಕಣಜ, ನಾರಾಯಣಪುರದ ಗೇಟು

1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಆಗ ಅವರಿನ್ನೂ ಕೇಂದ್ರದಲ್ಲಿ ಸಚಿವರು. ಪ್ರಧಾನಿಯಾದದ್ದು ಮುಂದಿನ ತಿಂಗಳು. ಅದೇ ವರ್ಷ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಮೇಬಲ್ ಆ್ಯಡಿಸ್ ಎಂಬ ಶಾಲಾ ಶಿಕ್ಷಕಿ ಆರನೇ ತರಗತಿಯ ಮಕ್ಕಳಿಗಾಗಿ ರೂಪಿಸಿದ ಆಟವೊಂದು ಐಬಿಎಂ 7090 ಕಂಪ್ಯೂಟರಿನಲ್ಲಿ ಓಡತೊಡಗಿತು. ಹೆಸರು 'ದಿ ಸುಮೇರಿಯನ್ ಗೇಮ್'. ಪರದೆ ಇರಲಿಲ್ಲ, ಟೆಲಿಟೈಪ್ ಯಂತ್ರ ಕಾಗದದ ಮೇಲೆ ವರದಿ ಕುಟ್ಟುತ್ತಿತ್ತು. ಆಡುವ ಮಗು ಪ್ರಾಚೀನ ಮೆಸೊಪೊಟೇಮಿಯದ ಲಗಾಶ್ ನಗರದ ದೊರೆ. ಸುಗ್ಗಿ ಮುಗಿದಿದೆ, ಕಣಜದಲ್ಲಿ ಇಷ್ಟು ಧಾನ್ಯವಿದೆ, ಪ್ರಜೆಗಳು ಇಷ್ಟು ಮಂದಿ. ಉಣ್ಣಲು ಎಷ್ಟು ಕೊಡುತ್ತೀಯ, ಬಿತ್ತನೆಗೆ ಎಷ್ಟು, ಕೂಡಿಡಲು ಎಷ್ಟು? ಮಗು ಅಂಕಿ ಒತ್ತಿದರೆ ಮುಂದಿನ ಸುಗ್ಗಿಯ ವರದಿ ಹಾಜರು: ಬೆಳೆ ಹೆಚ್ಚಿತು, ಜನ ಹೆಚ್ಚಿದರು, ಇಲ್ಲವೇ ಹಸಿವಿನಿಂದ ಇಷ್ಟು ಜನ ಸತ್ತರು. ಇಂದು ಲಕ್ಷಾಂತರ ಮಂದಿ ಆಡುವ ನಗರ ಕಟ್ಟುವ, ಊರು ಆಳುವ ಆಟಗಳ ವಂಶವೃಕ್ಷದ ಬುಡ ಇದು.

ಆಲಮಟ್ಟಿಯ ಅಡಿಗಲ್ಲಿಗೂ ಈ ಆಟಕ್ಕೂ ಏನೇನೂ ನಂಟಿಲ್ಲ. ಆದರೂ ಯಾದಗಿರಿ ಜಿಲ್ಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಆಟಗಳ ಬಗ್ಗೆ ಬರೆಯುವಾಗ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕೆನಿಸುತ್ತದೆ. ಶಹಾಪುರ, ಸುರಪುರದ ಎರೆಮಣ್ಣಿಗೆ ಕೃಷ್ಣೆಯನ್ನು ಹಂಚುವ ಲೆಕ್ಕವೂ ಲಗಾಶಿನ ದೊರೆಯ ಲೆಕ್ಕವೂ ಒಂದೇ ಜಾತಿಯವು: ಇರುವುದು ಇಷ್ಟು, ಕೇಳುವವರು ಇಷ್ಟು ಮಂದಿ, ಈ ಸಲ ಯಾರಿಗೆ ಎಷ್ಟು? ಒಂದನ್ನು ಜನ ರಾತ್ರಿ ನಿದ್ದೆಗೆಟ್ಟು ಖುಷಿಯಿಂದ ಆಡುತ್ತಾರೆ. ಇನ್ನೊಂದಕ್ಕೂ ನಿದ್ದೆಗೆಡುತ್ತಾರೆ, ಕೈಯಲ್ಲಿ ಬ್ಯಾಟರಿ ಹಿಡಿದು, ತೂಬಿನ ಬಳಿ. ಅದೇ ಲೆಕ್ಕ ಒಂದು ಕಡೆ ಅಷ್ಟೊಂದು ಸೊಗಸಾಗುವುದು ಹೇಗೆ?

ಆ್ಯಡಿಸ್ ಅವರ ಆಟ ಹಲವರ ಕೈ ದಾಟಿ, ಕಿರಿದಾಗಿ, 1970ರ ದಶಕದಲ್ಲಿ 'ಹಮುರಾಬಿ' ಎಂಬ ಹೆಸರಿನಲ್ಲಿ ಹರಡಿತು. 1982ರಲ್ಲಿ ಎರಡು ದ್ವೀಪಗಳನ್ನು ಆಳುವ 'ಯುಟೋಪಿಯಾ' ಬಂತು. ನಿಜವಾದ ತಿರುವು ವಿಲ್ ರೈಟ್ ಎಂಬ ಯುವಕನದು. 1984ರಲ್ಲಿ ಅವನೊಂದು ಹೆಲಿಕಾಪ್ಟರ್ ಆಟ ಮಾಡಿದ. ದ್ವೀಪಗಳ ಮೇಲೆ ಹಾರಿ ಬಾಂಬು ಹಾಕುವುದು ಅದರ ಸಾರ. ಆ ದ್ವೀಪಗಳನ್ನು, ಅವುಗಳ ರಸ್ತೆ ಕಾರ್ಖಾನೆಗಳನ್ನು ಕೂಡಿಸಲು ತಾನೇ ಒಂದು ಸಲಕರಣೆ ಬರೆದುಕೊಂಡಿದ್ದ. ಬಾಂಬು ಹಾಕುವುದಕ್ಕಿಂತ ದ್ವೀಪ ಕೂಡಿಸುವುದೇ ಮಜವಾಗಿದೆಯಲ್ಲ ಎಂದು ಅವನಿಗೆ ಹೊಳೆಯಿತು. ಗೆಲುವೂ ಇಲ್ಲದ ಸೋಲೂ ಇಲ್ಲದ ಆಟವನ್ನು ಯಾರು ಕೊಳ್ಳುತ್ತಾರೆಂದು ಪ್ರಕಾಶಕರು ಹಿಂಜರಿದರು. 1989ರಲ್ಲಿ 'ಸಿಮ್‌ಸಿಟಿ' ಹೊರಬಂತು. ಮಿಕ್ಕದ್ದನ್ನು ಬೇಗ ಹೇಳಿ ಮುಗಿಸಬಹುದು: ಪ್ರಾಚೀನ ರೋಮ್ ಕಟ್ಟುವ 'ಸೀಸರ್', ನೈಲ್ ನದಿಯ ನೆರೆ ನಂಬಿ ಬಿತ್ತುವ 'ಫೇರೋ', 2015ರಲ್ಲಿ ಫಿನ್ಲೆಂಡಿನ ಒಂದು ಪುಟ್ಟ ತಂಡದ 'ಸಿಟೀಸ್: ಸ್ಕೈಲೈನ್ಸ್', ಬೀವರ್‌ಗಳು ಬರಗಾಲಕ್ಕೆ ಮುಂಚೆ ಅಣೆಕಟ್ಟು ಕಟ್ಟುವ 'ಟಿಂಬರ್‌ಬಾರ್ನ್'. ಮೊಬೈಲಿಗೆ ಬಂದ ತಮ್ಮಂದಿರೂ ಇದ್ದಾರೆ. ಕಟ್ಟಡ ಏಳಲು ಆರು ಗಂಟೆ ಕಾಯಿ, ಇಲ್ಲವೇ ದುಡ್ಡು ಕೊಟ್ಟು ಈಗಲೇ ಎಬ್ಬಿಸು ಎನ್ನುವ ಜಾತಿ. ನನ್ನ ಲೆಕ್ಕದಲ್ಲಿ ಅವು ಅಂಗಡಿಗಳು, ಈ ಅಧ್ಯಾಯಕ್ಕೆ ಬೇಡ.

ಆಕರ್ಷಣೆಗೆ ಮನೋವಿಜ್ಞಾನ ಕೊಡುವ ಉತ್ತರ ಒಂದೇ ಅಲ್ಲ. ರಿಚರ್ಡ್ ರಯಾನ್, ಸ್ಕಾಟ್ ರಿಗ್ಬಿ, ಆ್ಯಂಡ್ರ್ಯೂ ಶಿಬಿಲ್ಸ್ಕಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟದ ಸುಖ ಎರಡು ಹಸಿವುಗಳನ್ನು ಹಿಂಬಾಲಿಸುತ್ತಿತ್ತು: ನನ್ನ ನಿರ್ಧಾರ ನನ್ನದೇ ಎಂಬ ಸ್ವಾತಂತ್ರ್ಯ, ಇದು ನನ್ನ ಕೈಲಾಗುತ್ತದೆ ಎಂಬ ಸಾಮರ್ಥ್ಯದ ಅನುಭವ. ನಗರ ಕಟ್ಟುವ ಆಟ ಎರಡನ್ನೂ ಕೈತುಂಬ ಬಡಿಸುತ್ತದೆ. ಜೊತೆಗೆ ಒಡೆತನದ ಮೋಹ. ಮೈಕೆಲ್ ನಾರ್ಟನ್ ಮತ್ತು ಸಂಗಡಿಗರು ಜನರಿಂದ ಕಾಗದದ ಕೊಕ್ಕರೆ, ಕಪ್ಪೆ ಮಡಿಸಿಸಿದರು. ಮಡಿಸಿದವರಿಗೆ ತಮ್ಮ ಸೊಟ್ಟ ಕೊಕ್ಕರೆಯೂ ನುರಿತವರ ಕೊಕ್ಕರೆಯಷ್ಟೇ ಬೆಲೆಯುಳ್ಳದ್ದಾಗಿ ಕಂಡಿತು. ಆದರೆ ಕಟ್ಟಿದ್ದನ್ನು ಅರ್ಧಕ್ಕೆ ಬಿಡಿಸಿದರೆ, ಕಣ್ಣೆದುರೇ ಕಿತ್ತುಹಾಕಿದರೆ ಆ ಮೋಹ ಹುಟ್ಟುವುದಿಲ್ಲ.

ಅರ್ಧಕ್ಕೆ ನಿಂತ ಕೆಲಸಕ್ಕೆ ಬೇರೆಯದೇ ಎಳೆತವಿದೆ. 1928ರಲ್ಲಿ ಮರಿಯಾ ಒವ್ಸ್ಯಾಂಕಿನಾ ಎಂಬ ಸಂಶೋಧಕಿ, ಜನ ಮಾಡುತ್ತಿದ್ದ ಸಣ್ಣ ಕೆಲಸಗಳನ್ನು ನಡುವೆ ತಡೆದು ಸುಮ್ಮನೆ ಬಿಟ್ಟರು. ಯಾರೂ ಹೇಳದಿದ್ದರೂ, ಏನೂ ಸಿಗದಿದ್ದರೂ ಹೆಚ್ಚಿನವರು ತಾವಾಗಿಯೇ ಮತ್ತೆ ಅದಕ್ಕೆ ಕೈಹಾಕಿದರು. ನಗರ ಕಟ್ಟುವ ಆಟದಲ್ಲಿ ಎಲ್ಲ ಕೆಲಸವೂ ಒಮ್ಮೆಗೇ ಮುಗಿಯುವ ಗಳಿಗೆ ಬರುವುದೇ ಇಲ್ಲ. ರಸ್ತೆ ಎಳೆಯಲು ಕೆಲವು ಸೆಕೆಂಡು, ಅದರ ಪಕ್ಕ ಮನೆ ಏಳಲು ಒಂದೆರಡು ನಿಮಿಷ, ಮನೆಗಳಿಂದ ತೆರಿಗೆ ಕೂಡಲು ಹತ್ತು ನಿಮಿಷ, ಆ ತೆರಿಗೆಯಿಂದ ಸೇತುವೆಗೆ ಅರ್ಧ ಗಂಟೆ. ಒಂದು ಸುತ್ತು ಮುಗಿಯುವಾಗ ಇನ್ನೊಂದು ನಡುವಿನಲ್ಲಿರುತ್ತದೆ. ಸೇತುವೆ ಮುಗಿಸಿ ಮಲಗುತ್ತೇನೆ ಎಂದವನಿಗೆ, ಮುಗಿಯುವ ಹೊತ್ತಿಗೆ ಆಚೆ ದಡದಲ್ಲಿ ನೀರಿಲ್ಲದ ಬಡಾವಣೆ ಕಾಣುತ್ತದೆ.

ಮೆದುಳಿನ ಡೋಪಮಿನ್ ಕೋಶಗಳ ಮೇಲೆ ವುಲ್ಫ್‌ರಾಮ್ ಶುಲ್ಟ್ಸ್ 1990ರ ದಶಕದಲ್ಲಿ ಮಂಗಗಳಲ್ಲಿ ಮಾಡಿದ ಪ್ರಯೋಗಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಆ ಕೋಶಗಳು ಬಹುಮಾನಕ್ಕಿಂತ ಹೆಚ್ಚಾಗಿ ಎಣಿಕೆಗೂ ಫಲಕ್ಕೂ ನಡುವಿನ ವ್ಯತ್ಯಾಸಕ್ಕೆ ಮಿಡಿಯುತ್ತವೆ. ಎಣಿಸಿದಷ್ಟೇ ಸಿಕ್ಕರೆ ತಣ್ಣಗಿರುತ್ತವೆ. ಎಣಿಸಿದ್ದಕ್ಕಿಂತ ಹೆಚ್ಚು ಸಿಕ್ಕರೆ ಚುರುಕಾಗುತ್ತವೆ. ಒಳ್ಳೆಯ ನಗರದಾಟ ನಿಮ್ಮ ಎಣಿಕೆಯ ಹತ್ತಿರಕ್ಕೆ ಬಂದು ಸ್ವಲ್ಪ ತಪ್ಪುತ್ತದೆ. 'ಸ್ಕೈಲೈನ್ಸ್'ನಲ್ಲಿ ಹೊಸಬರೆಲ್ಲ ಒಮ್ಮೆ ಅನುಭವಿಸುವ ಪಾಠವಿದೆ. ನದಿಗೆ ಕೊಳಚೆ ಬಿಡುವ ಪೈಪನ್ನು ಮೇಲ್ಗಡೆ, ಕುಡಿಯುವ ನೀರೆತ್ತುವ ಪಂಪನ್ನು ಕೆಳಗಡೆ ಇಟ್ಟುಬಿಡುತ್ತಾರೆ. ಊರೆಲ್ಲ ಕಾಯಿಲೆ ಬೀಳುತ್ತದೆ. ಕಾರಣ ಹೊಳೆದ ಕ್ಷಣ ನಗು ಬರುತ್ತದೆ, ಪಂಪನ್ನು ಕಿತ್ತು ಮೇಲ್ಗಡೆ ಇಡುತ್ತೀರಿ, ಊರು ಚೇತರಿಸಿಕೊಳ್ಳುತ್ತದೆ. ತಪ್ಪು, ಪತ್ತೆ, ಪರಿಹಾರ, ಎಲ್ಲವೂ ಒಂದು ಕಪ್ ಚಹಾದೊಳಗೆ. ಭೀಮೆಯ ದಂಡೆಯಲ್ಲಿ ಇಂಥದೇ ತಪ್ಪಿಗೆ ಕಾರಣ ಹುಡುಕಲು, ಟೆಂಡರ್ ಕರೆಯಲು, ಪೈಪ್ ಎಳೆಯಲು ಹಿಡಿಯುವ ಕಾಲವನ್ನು ಯಾದಗಿರಿಯ ಯಾರನ್ನು ಕೇಳಿದರೂ ಹೇಳುತ್ತಾರೆ.

ಕಾಲದ ಈ ಸಂಕೋಚನವೇ ಮುಖ್ಯ ಮಾಯೆ ಎಂಬುದು ನನ್ನ ಅಂದಾಜು. ಎರಡನೆಯ ಮಾಯೆ ಮೇಲಿನಿಂದ ನೋಡುವ ನೋಟ. ಇವೆರಡರ ರುಚಿ ಕಂಪ್ಯೂಟರಿಗೂ ಮುಂಚೆಯೇ ಸುರಪುರದಲ್ಲಿ ಒಬ್ಬನಿಗೆ ಹತ್ತಿತ್ತು.

ಸುರಪುರವೇ ಒಂದರ್ಥದಲ್ಲಿ ಹೊಸದಾಗಿ ಕಟ್ಟಿದ ಊರು. 1705ರಲ್ಲಿ ಔರಂಗಜೇಬನ ಕೊನೆಯ ದೊಡ್ಡ ಮುತ್ತಿಗೆಯಲ್ಲಿ ವಾಗಣಗೇರಾ ಕೋಟೆ ಕೈತಪ್ಪಿದ ಮೇಲೆ ಬೇಡ ನಾಯಕರ ರಾಜಧಾನಿ ಬೆಟ್ಟಗಳ ನಡುವಿನ ಸುರಪುರಕ್ಕೆ ಬಂತು. 1841ರಲ್ಲಿ ಅಲ್ಲಿಗೆ ಫಿಲಿಪ್ ಮೆಡೋಸ್ ಟೇಲರ್ ಬಂದ. ನಿಜಾಮನ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ, ಠಕ್ಕರ ಬಗೆಗಿನ ಕಾದಂಬರಿಯಿಂದ ಆಗಲೇ ಹೆಸರು ಮಾಡಿದ್ದವನು. ಸಂಸ್ಥಾನಕ್ಕೆ ಸಾಲ, ಅಂತಃಪುರದಲ್ಲಿ ಜಗಳ, ಪಟ್ಟದ ವಾರಸುದಾರ ವೆಂಕಟಪ್ಪ ನಾಯಕ ಇನ್ನೂ ಬಾಲಕ. 1853ರವರೆಗೆ ಆಡಳಿತ ಟೇಲರನ ಕೈಯಲ್ಲಿ. ಸರ್ವೇ, ಎಂಜಿನಿಯರಿಂಗ್ ಬಹುಪಾಲು ತಾನೇ ಓದಿ ಕಲಿತಿದ್ದ ಈ ಮನುಷ್ಯ ಹೊಲ ಅಳೆಸಿದ, ಕಂದಾಯ ಗೊತ್ತುಮಾಡಿದ, ರಸ್ತೆ ಮಾಡಿಸಿದ, ಕೆರೆ ದುರಸ್ತಿಗೆ ನಿಂತ. ಈಗ ಪಕ್ಷಿಧಾಮವಾಗಿರುವ ಬೋನಾಳ ಕೆರೆ ಅವನಿಗಿಂತ ಹಳೆಯದು, ಆದರೆ ಅದನ್ನು ದೊಡ್ಡದು ಮಾಡಿಸಿದವನು ಅವನು. ಬಿಡುವಿದ್ದಾಗ ರಾಜನಕೋಳೂರಿನಂಥ ಊರುಗಳ ಬೃಹತ್ ಶಿಲಾ ಸಮಾಧಿಗಳನ್ನು ಅಗೆದು ಚಿತ್ರ ಬರೆದ. ಅವನು ಬೆಟ್ಟದ ಮೇಲೆ ಕಟ್ಟಿಸಿಕೊಂಡ ಟೇಲರ್ ಮಂಜಿಲ್ ಇಂದಿಗೂ ಇದೆ, ಅಲ್ಲಿಂದ ಸುರಪುರ ಪೂರ್ತಿ ಕಾಣುತ್ತದೆ.

ಅವನ ಆತ್ಮಕಥೆ ಬಂದದ್ದು ಅವನು ತೀರಿಕೊಂಡ ಮರುವರ್ಷ, 1877ರಲ್ಲಿ. ಸುರಪುರದ ಭಾಗಗಳನ್ನು ಓದುವಾಗ ನಗರದಾಟ ಆಡಿದವರಿಗೆ ಆ ಹುಮ್ಮಸ್ಸು ಗುರುತು ಸಿಗುತ್ತದೆ: ಖಜಾನೆ ಸುಧಾರಿಸುವುದನ್ನು ನೋಡುವ ಸಂತೋಷ, ಏರಿ ಮುಗಿದು ನೀರು ನಿಂತಾಗಿನ ಹೆಮ್ಮೆ, ಇನ್ನೂ ಮಾಡಬೇಕಾದ್ದರ ಪಟ್ಟಿ. ಆದರೆ ಅಲ್ಲಿನ ಜನಕ್ಕೆ ತಮ್ಮದೇ ಮನಸ್ಸಿತ್ತು. ಟೇಲರ್ ಓದಿಸಿ ಬೆಳೆಸಿದ ಹುಡುಗ ದೊಡ್ಡವನಾಗಿ 1858ರ ಫೆಬ್ರುವರಿಯಲ್ಲಿ ಬ್ರಿಟಿಷರ ಮೇಲೆ ಕತ್ತಿ ಎತ್ತಿದ; ಸೋತು, ಸೆರೆಯಾಗಿ, ಅದೇ ವರ್ಷ ಗುಂಡೇಟಿಗೆ ಸತ್ತ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು. ರಾಜನನ್ನು ದುಂದುಗಾರನೆಂದು ಬಣ್ಣಿಸುವ ದಾಖಲೆಗಳೆಲ್ಲ ಆಡಳಿತಗಾರರ ಕಡೆಯವು ಎಂಬುದನ್ನು ಮರೆಯಬಾರದು. ಬೆಟ್ಟದ ಮೇಲಿನ ಬಂಗಲೆಯಿಂದ ಕೆರೆ, ರಸ್ತೆ, ಹೊಲ ಎಲ್ಲವೂ ಕಾಣುತ್ತಿದ್ದವು. ಕೆಳಗಿನ ಅರಮನೆಯಲ್ಲಿ ಬೆಳೆಯುತ್ತಿದ್ದ ಸಿಟ್ಟು ಕಾಣುವಂಥದ್ದಲ್ಲ.

ಆಟದೊಳಗೆ ಆ ಸಿಟ್ಟಿಲ್ಲ. ಫಿಲಿಪ್ಪೀನ್ಸಿನ ವಾಸ್ತುಶಿಲ್ಪ ವಿದ್ಯಾರ್ಥಿಯೊಬ್ಬ ವರ್ಷಗಟ್ಟಲೆ ಲೆಕ್ಕ ಹಾಕಿ 'ಸಿಮ್‌ಸಿಟಿ 3000'ದಲ್ಲಿ 60 ಲಕ್ಷ ಜನರ 'ಮ್ಯಾಗ್ನಸ್ಯಾಂಟಿ' ಎಂಬ ನಗರ ಕಟ್ಟಿದ. ಒಂದಿಂಚೂ ವ್ಯರ್ಥವಿಲ್ಲದ ಚೌಕಗಳು, ಬೀದಿಬೀದಿಗೂ ಪೊಲೀಸು. ಜನ ಕಡಿಮೆ ಆಯುಸ್ಸಿನಲ್ಲಿ ಸಾಯುತ್ತಿದ್ದರು. ಯಾರೂ ಊರು ಬಿಡುತ್ತಿರಲಿಲ್ಲ, ಯಾರೂ ದಂಗೆ ಏಳುತ್ತಿರಲಿಲ್ಲ. ಆಟದ ನಿಯಮಗಳು ಏನನ್ನು ಅಳೆಯುತ್ತವೋ ಅದನ್ನಷ್ಟೇ ಪೂರ್ಣಗೊಳಿಸಿದರೆ ಏನಾಗುತ್ತದೆಂದು ತೋರಿಸುವುದೇ ಅವನ ಉದ್ದೇಶವಾಗಿತ್ತು.

ಇನ್ನು ಕೆನಾಲಿಗೆ ಬರೋಣ. ಅದೇ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರದ ಬಸವಸಾಗರ ಜಲಾಶಯ 1982ರದು. ಅದರ ಎಡದಂಡೆ ಕಾಲುವೆಯ ಮುಖ್ಯ ಭಾಗದ ಉದ್ದ 78 ಕಿಲೋಮೀಟರ್. ಅದರಿಂದ ಹುಣಸಗಿ, ಶಹಾಪುರ, ಮುಡಬೂಳ, ಜೇವರ್ಗಿ, ಇಂಡಿ ಶಾಖಾ ಕಾಲುವೆಗಳು, ಅವುಗಳಿಂದ ವಿತರಣಾ ಕಾಲುವೆಗಳು, ಅವುಗಳಿಂದ ಹೊಲಗಾಲುವೆಗಳು. ಕಾಲುವೆ ಹೊರಬಲ್ಲದ್ದು 10,000 ಕ್ಯೂಸೆಕ್, ಅಚ್ಚುಕಟ್ಟು ಸುಮಾರು 4.5 ಲಕ್ಷ ಹೆಕ್ಟೇರ್. ಶಹಾಪುರದ ಪಕ್ಕದ ಭೀಮರಾಯನಗುಡಿಯ ನೀರಾವರಿ ಕಚೇರಿಗಳ ದಿನಚರಿಯೆಲ್ಲ ಈ ಕೊಂಬೆರೆಂಬೆಗಳ ಲೆಕ್ಕವೇ. ಈ ನಕ್ಷೆಯನ್ನು ಯಾವ ಆಟಗಾರನಿಗೆ ತೋರಿಸಿದರೂ ಬೆರಳು ತುರಿಸುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 10,000 ಕ್ಯೂಸೆಕ್ ಎಂದರೆ ದಿನಕ್ಕೆ 0.864 ಟಿಎಂಸಿ. ಬಸವಸಾಗರದ ಪೂರ್ಣ ಸಂಗ್ರಹ 33.31 ಟಿಎಂಸಿ. ಒಳಹರಿವು ನಿಂತು, ಕಾಲುವೆ ತುಂಬಿ ಹರಿದರೆ, ತಳದಲ್ಲಿ ಉಳಿಯುವ ನೀರನ್ನೂ ಲೆಕ್ಕಕ್ಕೆ ಹಿಡಿದರೂ, 38 ದಿನಕ್ಕೆ ಜಲಾಶಯ ಬರಿದು. ಬೆಳೆಗೆ ಬೇಕಾದದ್ದು ನಾಲ್ಕು ತಿಂಗಳು. ಹಾಗಾಗಿ ಶಹಾಪುರದ ಬೆಳೆಯ ಭವಿಷ್ಯ ಮೇಲಿನ ಆಲಮಟ್ಟಿಯ 123 ಟಿಎಂಸಿಯ ಮೇಲೆ, ಅದಕ್ಕೂ ಮೇಲೆ ಮಹಾಬಳೇಶ್ವರದ ಮಳೆಯ ಮೇಲೆ ನಿಂತಿದೆ. ಇನ್ನು ವೇಗ. ನೀರು ಸೆಕೆಂಡಿಗೆ ಒಂದು ಮೀಟರ್ ಸರಿಯುತ್ತದೆಂದು ಹಿಡಿದರೂ ಮುಖ್ಯ ಕಾಲುವೆ ದಾಟಲು ಸುಮಾರು 22 ಗಂಟೆ ಬೇಕು. ಶಾಖಾ ಕಾಲುವೆ, ವಿತರಣಾ ಕಾಲುವೆ ಆಮೇಲೆ. ಇವತ್ತು ಗೇಟು ಎತ್ತಿದ ಕೈಗೆ ಅದರ ಫಲ ಕಾಣುವಾಗ ದಿನಗಳು ಕಳೆದಿರುತ್ತವೆ. ಅಷ್ಟರಲ್ಲಿ ಎಲ್ಲೋ ಮಳೆ ಬಿದ್ದಿರಬಹುದು, ಬಂಡು ಒಡೆದಿರಬಹುದು, ಯಾರೋ ಪಂಪು ಇಳಿಸಿರಬಹುದು.

ಮೂಲ ಯೋಜನೆಯಲ್ಲಿ ಇದು ಜೋಳ, ಶೇಂಗಾ, ಹತ್ತಿಯಂಥ ಬೆಳೆಗಳಿಗೆ ತೆಳ್ಳಗೆ ಹಂಚಬೇಕಾದ ನೀರು. ಕಾಲುವೆಯ ಮೇಲ್ಭಾಗದಲ್ಲಿ ಹೊಲವಿದ್ದವನ ಕಣ್ಣೆದುರೇ ನೀರು ಹರಿಯುವಾಗ ಅವನು ಭತ್ತ ಹಾಕುತ್ತಾನೆ. ಕೆಸರುಗದ್ದೆಯ ಭತ್ತ, ಇಂಗಿ ಹೋಗುವುದೂ ಸೇರಿ, ಜೋಳದ ಎರಡು ಪಟ್ಟಿಗೂ ಹೆಚ್ಚು ನೀರು ಬೇಡುತ್ತದೆ. ನಿಷೇಧಿತ ಬೆಳೆ ಎಂದು ಇಲಾಖೆ ಮತ್ತೆ ಮತ್ತೆ ಹೇಳುತ್ತದೆ, ವಾರಬಂದಿ ಹಾಕಿ ಕಾಲುವೆಯನ್ನು ಕೆಲವು ದಿನ ಚಾಲೂ, ಕೆಲವು ದಿನ ಬಂದ್ ಮಾಡುತ್ತದೆ. ಟೇಲ್‌ಎಂಡ್ ರೈತ ಹೊಲದ ಬದುವಿನ ಮೇಲೆ ನಿಂತು ನೀರು ಎಲ್ಲಿಗೆ ಬಂತೆಂದು ಫೋನು ಮಾಡುತ್ತಾನೆ. ಮೇಲಿನವನನ್ನು ಕಳ್ಳನೆಂದು ಕರೆಯುವುದು ಸುಲಭ, ಆದರೆ ಅವನದು ಮೂರ್ಖತನವಲ್ಲ: ಬೆಲೆ ಗೊತ್ತಿರುವ ಬೆಳೆ, ಕಣ್ಣಿಗೆ ಕಾಣುವ ನೀರು, ಮುಂದಿನ ವರ್ಷ ಬರುತ್ತದೋ ಇಲ್ಲವೋ ಎಂಬ ಅನುಮಾನ. ಆಟದಲ್ಲಿ ಕಾಲುವೆಯ ತಲೆಯೂ ನಿಮ್ಮದೇ, ಬಾಲವೂ ನಿಮ್ಮದೇ. ಮೇಲೆ ಒಂದಿಷ್ಟು ತಗ್ಗಿಸಿ ಕೆಳಗೆ ಕೊಟ್ಟರೆ ಒಟ್ಟು ಅಂಕ ಏರುತ್ತದೆ. ಯಾರೂ ಏನೂ ಕಳೆದುಕೊಂಡಿರುವುದಿಲ್ಲ.

2023ರ ಜನವರಿ 19ರಂದು ಹುಣಸಗಿ ತಾಲ್ಲೂಕಿನ ಕೊಡೇಕಲ್‌ನಲ್ಲಿ ಈ ಕಾಲುವೆಯ ಆಧುನೀಕರಣ ಯೋಜನೆಯನ್ನು ಪ್ರಧಾನಿ ಉದ್ಘಾಟಿಸಿದರು. ಗೇಟುಗಳು ದೂರದಿಂದಲೇ ಏರಿಳಿಯುತ್ತವೆ, ಹರಿವಿನ ಅಂಕಿ ಪರದೆಯ ಮೇಲೆ ಮೂಡುತ್ತದೆ. ಸ್ಕಾಡಾ ಎನ್ನುವ ಈ ವ್ಯವಸ್ಥೆ ನೋಡಲು ಥೇಟ್ ಆಟವೇ. ಅಳತೆ ಬಂದದ್ದು ಸಣ್ಣ ವಿಷಯವಲ್ಲ. ಯಾವ ಗೇಟಿನಲ್ಲಿ ಎಷ್ಟು ಹರಿಯಿತೆಂಬುದು ಗೊತ್ತಾದರೆ ಅರ್ಧ ಜಗಳಕ್ಕೆ ಸಾಕ್ಷಿ ಸಿಕ್ಕಂತೆ. ಉಳಿದರ್ಧ ಪರದೆಯ ಹೊರಗಿದೆ.

ಮೇಲಿನಿಂದ ನೋಡುವ ನೋಟವನ್ನೂ ಪೂರ್ಣ ಅಧಿಕಾರವನ್ನೂ ಕೊಟ್ಟರೆ, ಆದರೆ ನಿರ್ಧಾರದ ಫಲ ತಡವಾಗಿ ಕಾಣುವಂತಿದ್ದರೆ ಜನ ಹೇಗೆ ಆಡುತ್ತಾರೆ? ಜರ್ಮನಿಯ ಮನೋವಿಜ್ಞಾನಿ ಡೀಟ್ರಿಕ್ ಡ್ಯೋರ್ನರ್ ಇದನ್ನೇ ಪರೀಕ್ಷಿಸಿದರು. 'ತಾನಾಲ್ಯಾಂಡ್' ಎಂಬುದು ಕಂಪ್ಯೂಟರಿನೊಳಗಿನ ಕಾಲ್ಪನಿಕ ಆಫ್ರಿಕನ್ ಸೀಮೆ; ಹನ್ನೆರಡು ಮಂದಿಗೆ ಅದರ ಸರ್ವಾಧಿಕಾರ. ಬಾವಿ ತೋಡಿಸಿದರು, ದನಗಳ ರೋಗಕ್ಕೆ ಮದ್ದು ಕೊಡಿಸಿದರು, ಗೊಬ್ಬರ ತರಿಸಿದರು. ಮೊದಲ ಕೆಲವು ವರ್ಷ ಎಲ್ಲ ರೇಖೆಗಳೂ ಮೇಲಕ್ಕೆ ಹೋದವು. ದನ ಹೆಚ್ಚಿ ಹುಲ್ಲು ಮುಗಿಯಿತು, ಬಾವಿಗಳಿಂದ ಅಂತರ್ಜಲ ಇಳಿಯಿತು, ಹೆಚ್ಚಿನವರ ಕೈಯಲ್ಲಿ ಸೀಮೆ ಹಸಿವಿಗೆ ಬಿತ್ತು. ಕೊಳವೆಬಾವಿಗಳ ನಮ್ಮ ಸೀಮೆಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಪ್ರಯೋಗದಲ್ಲಿ 'ಲೋಹೌಸೆನ್' ಎಂಬ ಊರಿಗೆ 48 ಮಂದಿ ಒಬ್ಬೊಬ್ಬರಾಗಿ ಹತ್ತು ವರ್ಷದ ಮೇಯರ್ ಆದರು. ಚೆನ್ನಾಗಿ ಆಳಿದವರು ಹೆಚ್ಚು ಬಾರಿ 'ಯಾಕೆ' ಎಂದು ಕೇಳಿದ್ದರು, ಹಿಂದಿನ ನಿರ್ಧಾರ ಏನಾಯಿತೆಂದು ಮತ್ತೆ ಹೋಗಿ ನೋಡಿದ್ದರು. ಎಡವಿದವರು ಒಂದು ಸಮಸ್ಯೆ ಕಷ್ಟವಾದ ಕೂಡಲೇ ಇನ್ನೊಂದಕ್ಕೆ ಹಾರಿದ್ದರು.

ಈ ಪ್ರಯೋಗಗಳೂ ಸೇರಿದಂತೆ ಎಲ್ಲ ಮಾದರಿಗಳಿಗೂ ಒಂದು ಅಂಚು ಇರುತ್ತದೆ. ವಿಲ್ ರೈಟ್ ಸ್ಫೂರ್ತಿ ಪಡೆದದ್ದು ಜೇ ಫಾರೆಸ್ಟರ್ 1969ರಲ್ಲಿ ಬರೆದ 'ಅರ್ಬನ್ ಡೈನಮಿಕ್ಸ್' ಪುಸ್ತಕದಿಂದ. ಫಾರೆಸ್ಟರ್ ತಮ್ಮ ನಗರದ ಸುತ್ತ ಮಿತಿಯಿಲ್ಲದ ಒಂದು ಹೊರಲೋಕ ಇದೆ ಎಂದು ಹಿಡಿದರು. ನಗರಕ್ಕೆ ಬೇಕಾದಾಗ ಜನ ಅಲ್ಲಿಂದ ಬರುತ್ತಾರೆ, ಬೇಡವಾದಾಗ ಅಲ್ಲಿಗೇ ಹೋಗುತ್ತಾರೆ; ಆ ಲೋಕಕ್ಕೆ ಏನಾಯಿತೆಂಬ ಲೆಕ್ಕವಿಲ್ಲ. ಗಣಿತಕ್ಕೆ ಇದು ಅನುಕೂಲ, ಆಟಕ್ಕೆ ಇನ್ನೂ ಅನುಕೂಲ. 'ಸ್ಕೈಲೈನ್ಸ್'ನ ಹೆದ್ದಾರಿ ನಕ್ಷೆಯ ಅಂಚಿಗೆ ಹೋಗಿ ಮುಗಿಯುತ್ತದೆ, ಹೊಸ ನಿವಾಸಿಗಳು ಅಲ್ಲಿಂದಲೇ ಬರುತ್ತಾರೆ. ಮೇಬಲ್ ಆ್ಯಡಿಸ್ ಅವರ ಲಗಾಶಿಗೂ ನೆರೆಯವರ ಕಾಟವಿರಲಿಲ್ಲ. ಇತಿಹಾಸದ ಲಗಾಶಿಗೆ ಇತ್ತು: ಮೇಲ್ಗಡೆಯ ಉಮ್ಮಾ ನಗರದೊಂದಿಗೆ ಕಾಲುವೆ ನೀರಿಗಾಗಿ, ಗಡಿಯ ಹೊಲಗಳಿಗಾಗಿ ತಲೆತಲಾಂತರ ನಡೆದ ಜಗಳ, ದಾಖಲಾದ ನೀರಿನ ಜಗಳಗಳಲ್ಲಿ ಅತ್ಯಂತ ಹಳೆಯವುಗಳಲ್ಲೊಂದು. ಆ ಯುದ್ಧದ ಗೆಲುವಿನ ಕಲ್ಲು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ.

ಬೆಂಗಳೂರನ್ನು ಆಟದ ನಕ್ಷೆ ಮಾಡಿದರೆ ಯಾದಗಿರಿ ಅದರ ಅಂಚಿನಾಚೆ ಬೀಳುತ್ತದೆ. ಸುಗ್ಗಿ ಮುಗಿದ ಮೇಲೆ, ಮಳೆ ಕೈಕೊಟ್ಟ ವರ್ಷ ಸುಗ್ಗಿಗೂ ಮುಂಚೆ, ಈ ಜಿಲ್ಲೆಯ ತಾಂಡಾಗಳಿಂದ, ಹಳ್ಳಿಗಳಿಂದ ಕುಟುಂಬಗಳು ಬೆಂಗಳೂರಿಗೆ, ಪುಣೆಗೆ, ಮುಂಬೈಗೆ ಗುಳೆ ಹೋಗುತ್ತವೆ. ಅಲ್ಲಿನ ಅಡಿಪಾಯ ತೋಡುವ, ಸೆಂಟ್ರಿಂಗ್ ಕಟ್ಟುವ, ಕಾಂಕ್ರೀಟ್ ಹೊರುವ ಕೈಗಳಲ್ಲಿ ಇವೂ ಸೇರಿವೆ. ಕೆನಾಲಿನ ನೀರು ತಲುಪಿದ ಊರಲ್ಲಿ ಗುಳೆ ಕಡಿಮೆ, ತಲುಪದ ಊರಲ್ಲಿ ಹೆಚ್ಚು. ಹೆಚ್ಚಿನ ನಗರದಾಟಗಳಲ್ಲಿ ಕಟ್ಟಡಗಳು ತಾವಾಗಿಯೇ ಏಳುತ್ತವೆ. ಒಂದು ಕ್ರೇನಿನ ಚಿತ್ರ ಮೂಡುತ್ತದೆ, ಮಾಯವಾಗುತ್ತದೆ. ಅಪವಾದವೊಂದಿದೆ. ಸ್ಲೊವಾಕಿಯಾದ ತಂಡವೊಂದರ 'ವರ್ಕರ್ಸ್ ಆ್ಯಂಡ್ ರಿಸೋರ್ಸಸ್: ಸೋವಿಯತ್ ರಿಪಬ್ಲಿಕ್' ಆಟವನ್ನು ಕಟ್ಟುನಿಟ್ಟಾಗಿ ಆಡಿದರೆ ಜಲ್ಲಿ, ಸಿಮೆಂಟು, ಉಕ್ಕು ಎಲ್ಲವನ್ನೂ ಲಾರಿಯಲ್ಲಿ ತರಿಸಬೇಕು, ಕೆಲಸಗಾರರನ್ನು ಬಸ್ಸಿನಲ್ಲಿ ಕರೆತರಬೇಕು, ಬಸ್ಸು ಬಾರದಿದ್ದರೆ ಕಟ್ಟಡ ಅರ್ಧಕ್ಕೇ ನಿಲ್ಲುತ್ತದೆ. ಇಷ್ಟು ತಾಪತ್ರಯದ ಆಟವನ್ನು ಯಾರು ಆಡುತ್ತಾರೆ ಅನಿಸಬಹುದು. ತುಂಬ ಜನ ಆಡುತ್ತಾರೆ, ಪ್ರೀತಿಯಿಂದಲೇ. ಕೂಲಿಯವರನ್ನು ಲೆಕ್ಕಕ್ಕೆ ಸೇರಿಸಿದ ಮಾತ್ರಕ್ಕೆ ಆಟದ ಸೊಗಸು ಕೆಡಲಿಲ್ಲ. ಆದರೆ ಅಲ್ಲಿಯೂ ಪಾಳಿ ಮುಗಿದ ಕೆಲಸಗಾರ ಬಸ್ಸು ಹತ್ತುವುದಿಲ್ಲ, ನೇರ ತನ್ನ ಮನೆಯಲ್ಲಿ ಪ್ರತ್ಯಕ್ಷನಾಗುತ್ತಾನೆ. ಊರಿಗೆ ಮರಳುವ ಪ್ರಯಾಣ ಆ ಆಟದಲ್ಲೂ ಇಲ್ಲ.